ಯಂತ್ರಸಹಾಯಕನೂ ಉಗ್ರಾಣದ ಬೀಗದ ಕೈಯೂ

ಮುಳಬಾಗಿಲು ಎಂಬ ಹೆಸರು ಮೂಲತಃ ‘ಮೂಡಲ ಬಾಗಿಲು’ ಎಂಬುದನ್ನು ನಮ್ಮ ಜಿಲ್ಲೆಯ ಮಕ್ಕಳು ಶಾಲೆಯಲ್ಲೇ ತಿಳಿಯುತ್ತಾರೆ. ಈ ಪದವನ್ನು ಬಿಡಿಸಿ ಅರ್ಥ ಹೇಳುವಾಗ ನಾನು ಹುಡುಗರಿಗೆ ಒಂದು ಮಾತು ಸೇರಿಸುವುದುಂಟು. ಗೋಡೆ ಇರುವುದು ತಡೆಯುವುದಕ್ಕೆ; ಬಾಗಿಲಾದರೋ ತೆರೆಯುವುದಕ್ಕೂ ಹೌದು, ಮುಚ್ಚುವುದಕ್ಕೂ ಹೌದು. ಯಾರಿಗೆ ತೆರೆಯಬೇಕು, ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂಬ ವಿವೇಕ ಕಾವಲುಗಾರನಲ್ಲಿದ್ದರೆ ಅದು ಬಾಗಿಲು. ಇಲ್ಲವಾದರೆ ಗೋಡೆಗೆ ಬಿದ್ದ ಕಂಡಿ, ಅಷ್ಟೆ.

ಈ ಹಳೆಯ ಮಾತನ್ನು ಈಗ ಎತ್ತುವುದಕ್ಕೆ ಕಾರಣವಾದವನು ನನ್ನ ಹಳೆಯ ಶಿಷ್ಯನೊಬ್ಬ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಈಗ ನಮ್ಮ ಸೀಮೆಯ ಒಂದು ಕಾರ್ಖಾನೆಯಲ್ಲಿ ನೌಕರರ ವಿಭಾಗದ ಗುಮಾಸ್ತ. ಹಬ್ಬಕ್ಕೆ ಊರಿಗೆ ಬಂದವನು ಮನೆಗೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತ. “ಏನಪ್ಪ, ಮುಖ ಬಾಡಿದೆಯಲ್ಲ?” ಎಂದೆ. ಆತ ಹೇಳಿದ್ದು ಇಷ್ಟು. ಅವರ ಕಛೇರಿಯ ತಂತ್ರಾಂಶದಲ್ಲಿ, ಅಂದರೆ ಸಾಫ್ಟ್‌ವೇರಿನಲ್ಲಿ, ಎ.ಐ. ಸಹಾಯಕವೊಂದನ್ನು ಹೊಸದಾಗಿ ಸೇರಿಸಿದ್ದರು. ಕೇಳಿದ ಪತ್ರ ಬರೆದುಕೊಡುತ್ತದೆ, ಕೇಳಿದ ಕಡತ ಹುಡುಕಿಕೊಡುತ್ತದೆ. ಒಂದು ದಿನ ಇವನು ತನ್ನ ವಿಭಾಗದ ರಜೆಗಳ ಪಟ್ಟಿ ಕೇಳಿದ. ಪಟ್ಟಿ ಬಂತು. ಅದರ ಕೆಳಗೇ, ಜೊತೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ವೈದ್ಯರ ಸರ್ಟಿಫಿಕೇಟಿನ ಸಾರಾಂಶವೂ ಬಂತು. ಆಕೆ ಯಾರೊಡನೆಯೂ ಹೇಳಿಕೊಳ್ಳದ ಕಾಯಿಲೆ ಅದು.

“ಮೇಷ್ಟ್ರೇ, ನಾನು ಕದ್ದು ನೋಡಿದ್ದಲ್ಲ. ಅದನ್ನು ಕೇಳಿದ್ದೂ ಅಲ್ಲ. ತಾನಾಗಿ ತಂದು ಎದುರಿಗಿಟ್ಟುಬಿಟ್ಟಿತು. ಈಗ ಆ ಅಕ್ಕನ ಮುಖ ನೋಡುವುದಕ್ಕೆ ನನಗೆ ಸಂಕೋಚ” ಎಂದ.

ಆತ ಪ್ರಾಮಾಣಿಕ, ಹೋಗಿ ಮೇಲಿನವರಿಗೆ ತಿಳಿಸಿದ. ಅವರು ಮಾಡಿದ್ದೇನು? ಮರುದಿನವೇ ಗುಮಾಸ್ತರೆಲ್ಲರ ಸಹಾಯಕವನ್ನು ನಿಲ್ಲಿಸಿದರು. ಅಧಿಕಾರಿಗಳದ್ದು ಹಾಗೆಯೇ ಉಳಿಯಿತು. ಇಂಗ್ಲಿಷಿನಲ್ಲಿ ಪತ್ರ ಬರೆಯುವುದಕ್ಕೆ ಹಿಂದೆ ಇನ್ನೊಬ್ಬರ ಮೇಜಿನ ಮುಂದೆ ಕಾಯುತ್ತಿದ್ದ ನನ್ನ ಶಿಷ್ಯ, ನಾಲ್ಕು ತಿಂಗಳಿನಿಂದ ತನ್ನ ಕಾಲ ಮೇಲೆ ತಾನು ನಿಂತಿದ್ದ. ಈಗ ಮತ್ತೆ ಕಾಯಬೇಕಾಯಿತು.

ಇದರಲ್ಲಿ ತಪ್ಪು ಯಾರದು? ಯಂತ್ರದ್ದೆ, ಹುಡುಗನದ್ದೆ, ಮೇಲಿನವರದ್ದೆ? ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನರಸಾಪುರಕ್ಕೋ ವೇಮಗಲ್ಲಿಗೋ ಮಾಲೂರಿನ ಕಾರ್ಖಾನೆಗಳಿಗೋ ಕೆಲಸಕ್ಕೆ ಹೋಗುವ ಮಗನೋ ಸೊಸೆಯೋ ಇದ್ದೇ ಇರುತ್ತಾರೆ. ಆದಕಾರಣ ಈ ಪ್ರಶ್ನೆಯನ್ನು ತುಸು ಸಾವಧಾನವಾಗಿ ವಿಚಾರಿಸೋಣ.

ಮದುವೆಮನೆಯ ಉಗ್ರಾಣ ನಿಮಗೆಲ್ಲ ಗೊತ್ತು. ಅದರ ಬೀಗದ ಕೈ ಒಬ್ಬ ಹಿರಿಯರ ಸೊಂಟದಲ್ಲಿರುತ್ತದೆ. ಅಡುಗೆಯವರು ಬಂದು ತುಪ್ಪ ಕೇಳಿದರೆ ತುಪ್ಪ, ಪುರೋಹಿತರು ಬಂದು ಹಣ್ಣು ಕಾಯಿ ಕೇಳಿದರೆ ಹಣ್ಣು ಕಾಯಿ. ಪುರೋಹಿತರಿಗೆ ತುಪ್ಪದ ಡಬ್ಬವನ್ನಾಗಲಿ, ಅಡುಗೆಯವರಿಗೆ ತಾಳಿಯ ಪೆಟ್ಟಿಗೆಯನ್ನಾಗಲಿ ಅವರು ಕೊಡುವುದಿಲ್ಲ. ಈಗ ಆ ಉಗ್ರಾಣಕ್ಕೆ ಒಬ್ಬ ಚೂಟಿ ಹುಡುಗನನ್ನು ನೇಮಿಸಿದಿರೆನ್ನಿ. ಯಾವ ಮೂಲೆಯಲ್ಲಿ ಏನಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೇಳಿದ ಕ್ಷಣವೇ ತಂದುಕೊಡುತ್ತಾನೆ, ಬೇಸರವಿಲ್ಲ, ಆಲಸ್ಯವಿಲ್ಲ. ಆದರೆ ಅವನಿಗೆ ಒಂದು ನಿಯಮವನ್ನು ಮಾತ್ರ ಹೇಳಿಕೊಟ್ಟಿದೆ: ‘ಕೇಳುವವನು ತಾನೇ ಒಳಗೆ ಹೋಗಿ ಏನನ್ನು ತೆಗೆದುಕೊಳ್ಳಬಹುದೋ ಅದನ್ನೆಲ್ಲ ನೀನು ತಂದುಕೊಡಬಹುದು.’

ಕಛೇರಿಯ ಎ.ಐ. ಸಹಾಯಕ ಬಹುಮಟ್ಟಿಗೆ ಈ ಹುಡುಗನೇ. 2023ರ ನವೆಂಬರಿನಲ್ಲಿ ದೊಡ್ಡ ಸಂಸ್ಥೆಗಳಿಗೆ ದೊರಕತೊಡಗಿದ ಮೈಕ್ರೋಸಾಫ್ಟಿನ ಕೋಪೈಲಟ್ ಇದಕ್ಕೆ ಒಳ್ಳೆಯ ನಿದರ್ಶನ. ಅದಕ್ಕೆ ಸ್ವಂತ ಕಣ್ಣಿಲ್ಲ. ಕೇಳುವವನ ಕಣ್ಣನ್ನೇ ಎರವಲು ಪಡೆಯುತ್ತದೆ. ಯಾವ ಕಾಗದವನ್ನು ನೋಡುವ ಹಕ್ಕು ನಿಮಗಿದೆಯೋ ಅದರಿಂದ ಮಾತ್ರ ನಿಮಗೆ ಉತ್ತರ ಕೊಡುತ್ತದೆ. ಹಾಗಾದರೆ ಭಯವೇನು ಎನ್ನುವಿರಿ. ಭಯ ಇರುವುದು ‘ನೋಡುವ ಹಕ್ಕು’ ಎಂಬ ಮಾತಿನಲ್ಲಿಯೇ. ಮೂರು ವರ್ಷದ ಹಿಂದೆ ಯಾರೋ ಅವಸರದಲ್ಲಿ ವೈದ್ಯರ ಸರ್ಟಿಫಿಕೇಟುಗಳನ್ನು ಎಲ್ಲರಿಗೂ ತೆರೆದಿರುವ ಫೋಲ್ಡರಿನಲ್ಲಿ ಇಟ್ಟು ಮರೆತಿದ್ದರು. ಅದು ಅಲ್ಲಿದೆಯೆಂದು ಯಾರಿಗೂ ತಿಳಿಯದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಬೀಗ ಹಾಕದ ಒಡವೆ ಪೆಟ್ಟಿಗೆ ಅಟ್ಟದ ಮೇಲೆ ಕತ್ತಲಲ್ಲಿ ಕುಳಿತಿದ್ದಂತೆ! ಅದನ್ನು ಕಾಪಾಡಿದ್ದು ಬೀಗವಲ್ಲ, ಕತ್ತಲೆ. ಚೂಟಿ ಹುಡುಗ ಬಂದೊಡನೆ ಕತ್ತಲೆ ಹೋಯಿತು.

ಆದ್ದರಿಂದ ಈ ವಿಷಯದಲ್ಲಿ ಮೊದಲು ತಿಳಿಯಬೇಕಾದ್ದು ಇದು: ಯಂತ್ರ ಹೊಸ ಬಾಗಿಲನ್ನೇನೂ ಒಡೆಯುವುದಿಲ್ಲ, ನಾವು ಮುಚ್ಚದೆ ಬಿಟ್ಟ ಹಳೆಯ ಬಾಗಿಲುಗಳನ್ನು ತೋರಿಸಿಕೊಡುತ್ತದೆ. ಸಹಾಯಕವನ್ನು ತರುವ ಮೊದಲು ಉಗ್ರಾಣವನ್ನು ಗುಡಿಸಿ, ಯಾವ ಡಬ್ಬ ಯಾರದೆಂದು ಚೀಟಿ ಅಂಟಿಸಬೇಕು. ನನ್ನ ಶಿಷ್ಯನ ಕಾರ್ಖಾನೆಯಲ್ಲಿ ಆಗದೆ ಉಳಿದದ್ದು ಈ ಕೆಲಸ.

ಇದು ನಮಗೆ ಹೊಸ ಪಾಠವೆಂದು ತಿಳಿಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊತ್ತಮೊದಲು ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಲೆಕ್ಕದ ಕಛೇರಿ ಹೇಗಿರಬೇಕು, ದಾಖಲೆಯ ಪುಸ್ತಕಗಳನ್ನು ಹೇಗೆ ಇಡಬೇಕು ಎಂಬುದನ್ನು ವಿವರಿಸಿ, ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ್ದಾನೆ. ಅಧಿಕಾರಿಯ ಗುಣವನ್ನು ನಂಬಿ ಕೂಡದೆ ಕೆಲಸದ ಏರ್ಪಾಡನ್ನೇ ಭದ್ರಪಡಿಸಬೇಕೆಂಬ ಎಚ್ಚರ ಅಷ್ಟು ಹಳೆಯದು.

ನಮ್ಮ ಕಾಲದ ನಿದರ್ಶನ ಬೇಕೆಂದರೆ ಪಹಣಿಯನ್ನು ನೋಡಿ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ವಂಶಪಾರಂಪರ್ಯದ ಶ್ಯಾನುಭೋಗರ ಮನೆಯಲ್ಲಿರುತ್ತಿತ್ತು. 1963ರ ಫೆಬ್ರವರಿ 1ರಿಂದ ಆ ಪದ್ಧತಿ ರದ್ದಾಗಿ ಸರ್ಕಾರಿ ಗ್ರಾಮಲೆಕ್ಕಿಗರು ಬಂದರು. ಆದರೂ ಪುಸ್ತಕ ಒಬ್ಬರ ಕೈಯಲ್ಲೇ. ತೋರಿಸುವವರೂ ಅವರೇ, ಬರೆಯುವವರೂ ಅವರೇ. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಛೇರಿಯಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪಹಣಿಯ ಪ್ರತಿ ಪಡೆಯುವಂತಾಯಿತು. ಆದರೆ ಅದರಲ್ಲಿ ಒಂದಕ್ಷರ ತಿದ್ದಬೇಕಾದರೆ ನಿಯಮಿತ ನೌಕರ ತನ್ನ ಬೆರಳಚ್ಚು ಒತ್ತಿಯೇ ತಂತ್ರಾಂಶದೊಳಗೆ ಪ್ರವೇಶಿಸಬೇಕು. ತಿದ್ದಿದವರು ಯಾರೆಂಬ ಗುರುತು ಉಳಿಯುತ್ತದೆ. ನೋಡುವ ಬಾಗಿಲು ವಿಶಾಲ, ತಿದ್ದುವ ಬಾಗಿಲು ಕಿರಿದು. ಪಹಣಿಗೆ ಇದು ಸರಿ. ಕಾಯಿಲೆಯ ಸರ್ಟಿಫಿಕೇಟಿಗಾದರೋ ನೋಡುವ ಬಾಗಿಲೂ ಕಿರಿದಾಗಿರಬೇಕು. ಒಂದೊಂದು ದಾಖಲೆಗೆ ಒಂದೊಂದು ಧರ್ಮ.

ಅಂಗಡಿಯವರಿಗೂ ಇದು ತಿಳಿದದ್ದೇ. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯ ಮಂಡಿಗಳಿರಲಿ, ಪೇಟೆಯ ಜವಳಿ ಅಂಗಡಿಗಳಿರಲಿ, ಲೆಕ್ಕಕ್ಕೆ ಟ್ಯಾಲಿಯನ್ನು ಬಳಸದವರು ಕಡಮೆ. 1986ರಲ್ಲಿ ಆರಂಭವಾದ ಬೆಂಗಳೂರಿನ ಕಂಪನಿ ಅದು. ಬಿಲ್ಲು ಬರೆಯುವ ಗುಮಾಸ್ತನ ಕಣ್ಣಿಗೆ ಲಾಭನಷ್ಟದ ಪಟ್ಟಿ ಬೀಳದಂತೆ ಮಾಲೀಕರು ಅದರಲ್ಲಿ ಏರ್ಪಾಡು ಮಾಡಿಕೊಳ್ಳಬಹುದು. ಅದೇ ಏರ್ಪಾಡು ಈಗ ಯಂತ್ರಸಹಾಯಕಕ್ಕೂ ಬೇಕಾಗಿದೆ.

ಇದರ ಶಾಸ್ತ್ರವನ್ನು ಪಂಡಿತರು ಎರಡು ಸೂತ್ರಗಳಲ್ಲಿ ಹೇಳಿದ್ದಾರೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಒಂದೆಳೆಯೂ ಹೆಚ್ಚಿಲ್ಲ ಎಂಬುದು ಮೊದಲನೆಯದು. ಇದನ್ನು 1975ರಲ್ಲಿ ಅಮೆರಿಕದ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿದ್ವಾಂಸರು ಸ್ಪಷ್ಟವಾಗಿ ವಿವರಿಸಿದರು. ಅಧಿಕಾರವನ್ನು ವ್ಯಕ್ತಿಗೆ ಅಂಟಿಸದೆ ಆತನ ಹುದ್ದೆಗೆ ಅಂಟಿಸಬೇಕು ಎಂಬುದು ಎರಡನೆಯದು. 1992ರಲ್ಲಿ ಫೆರಾಯೋಲೋ ಮತ್ತು ಕುಹ್ನ್ ಇದಕ್ಕೆ ಕ್ರಮಬದ್ಧ ರೂಪ ಕೊಟ್ಟರು. ನಮ್ಮ ಶಾಲೆಗಳಲ್ಲಿ ಇದು ನಡೆದೇ ಇದೆ. ಮುಖ್ಯೋಪಾಧ್ಯಾಯರ ಬೀರುವಿನ ಕೀ ಆ ಕುರ್ಚಿಗೆ ಸೇರಿದ್ದು, ಕುಳಿತವರಿಗಲ್ಲ. ವರ್ಗವಾದ ದಿನ ಮೇಜಿನ ಮೇಲೆ ಇಟ್ಟು, ಸಹಿ ಮಾಡಿಯೇ ಹೊರಡಬೇಕು.

ಈ ಸೂತ್ರಗಳನ್ನು ಅನ್ವಯಿಸುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದಲೇ ತೊಂದರೆಗಳು ಹುಟ್ಟುತ್ತವೆ.

ಮೊದಲನೆಯದು: ಸಹಾಯಕ ಯಾರಿಗೆ ಇರಬೇಕು? ಹಿಂದೆ ರೇಡಿಯೋ ಇಟ್ಟುಕೊಳ್ಳುವವರು ಅಂಚೆ ಕಛೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿತ್ತು. ಲೈಸೆನ್ಸು ಪೆಟ್ಟಿಗೆಗೆ, ಕೇಳುವವರು ಇಡೀ ಬೀದಿಯವರು! ಯಂತ್ರಸಹಾಯಕದ ಲೈಸೆನ್ಸು ಹಾಗಲ್ಲ, ತಲೆಗೊಂದು. ಕೋಪೈಲಟ್ ಬಂದಾಗ ಅದರ ಬೆಲೆ ಒಬ್ಬ ನೌಕರನಿಗೆ ತಿಂಗಳಿಗೆ 30 ಡಾಲರ್. ನೂರು ಜನರಿರುವ ಕಡೆ ನೂರಕ್ಕೂ ಕೊಡಿಸುವುದು ಹಗುರವಾದ ಮಾತಲ್ಲ. ಆದ್ದರಿಂದ ಕಂಪ್ಯೂಟರ್ ವ್ಯವಸ್ಥೆಯ ಮೇಲ್ವಿಚಾರಕರು ಹೆಸರು ಹೆಸರಾಗಿಯೋ ಗುಂಪು ಗುಂಪಾಗಿಯೋ ಅದನ್ನು ಹಂಚುತ್ತಾರೆ. ಗೂಗಲಿನ ಜೆಮಿನಿಯನ್ನು ಕೂಡ ಒಂದು ವಿಭಾಗಕ್ಕೆ ತೆರೆದು ಇನ್ನೊಂದಕ್ಕೆ ಮುಚ್ಚಬಹುದು.

ಎರಡನೆಯದು: ಸಹಾಯಕ ಏನೇನನ್ನು ನೋಡಬಹುದು? ಇದನ್ನು ಆಗಲೇ ಹೇಳಿದೆ. ಸಂಬಳದ ಪಟ್ಟಿ, ಕಾಯಿಲೆಯ ಕಾಗದ, ಶಿಸ್ತಿನ ಕ್ರಮದ ಕಡತ, ಇವು ಬೇರೆ ಕೋಣೆಯಲ್ಲಿದ್ದರೆ ಗುಮಾಸ್ತನ ಕೈಯಲ್ಲಿ ಸಹಾಯಕ ಇದ್ದರೂ ಆ ಕೋಣೆ ಅದಕ್ಕೆ ಕಾಣುವುದಿಲ್ಲ.

ಮೂರನೆಯದು: ಸಹಾಯಕ ಏನು ಮಾಡಬಹುದು? ಶ್ರೀನಿವಾಸಪುರದ ಒಂದು ಮಾವಿನ ಮಂಡಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಸುಗ್ಗಿಯ ಕಾಲದಲ್ಲಿ ಒಂದೊಂದು ದಿನಕ್ಕೂ ನೂರಾರು ಚೀಟಿ. ಯಾವ ತೋಟದ ಕಾಯಿ, ಎಷ್ಟು ತೂಕ, ಯಾವ ದರ, ಮುಂಗಡ ಎಷ್ಟು ಹೋಗಿದೆ ಎಂಬ ಲೆಕ್ಕ. ಸಹಾಯಕ ಒಂದು ಗಳಿಗೆಯಲ್ಲಿ ಪ್ರತಿ ರೈತನ ಬಾಕಿಯ ಪಟ್ಟಿ ಮಾಡಿಕೊಡಬಲ್ಲದು; ಮಾಡಲಿ. ಆದರೆ ಬ್ಯಾಂಕಿಗೆ ಹಣ ಕಳುಹಿಸುವ ಗುಂಡಿಯನ್ನು ಅದೇ ಒತ್ತಬಹುದೆ? ಸಹಕಾರ ಸಂಘದ ಚೆಕ್ಕಿಗೆ ಎರಡು ಸಹಿ ಬೇಕೆಂಬ ನಿಯಮವನ್ನು ಹಿರಿಯರು ಸುಮ್ಮನೆ ಮಾಡಲಿಲ್ಲ. ಬರೆಯುವವನು ಒಬ್ಬ, ಒಪ್ಪುವವನು ಇನ್ನೊಬ್ಬ. ಯಂತ್ರ ಬರೆಯುವ ಕಡೆ ನಿಲ್ಲಲಿ; ಒಪ್ಪುವ ಕಡೆ ಮನುಷ್ಯನಿರಲಿ, ಅವನ ಹೆಸರೂ ಇರಲಿ. ರೈತನ ದುಡ್ಡು ತಪ್ಪಿದಾಗ ಉತ್ತರ ಹೇಳಲು ಯಂತ್ರಕ್ಕೆ ಮುಖವಿಲ್ಲ.

ಇನ್ನೂ ಒಂದು ಅಪಾಯವುಂಟು. ಚೂಟಿ ಹುಡುಗನಿಗೆ ಯಜಮಾನರ ಮಾತಾವುದು, ಪರರ ಮಾತಾವುದು ಎಂಬ ಭೇದ ಕೆಲವು ವೇಳೆ ತಿಳಿಯುವುದಿಲ್ಲ. ಹೊರಗಿನವರು ಕಳುಹಿಸಿದ ಪತ್ರದೊಳಗೆ ‘ಒಳಗಿನ ಕಾಗದಗಳನ್ನು ನನಗೆ ಕಳುಹಿಸು’ ಎಂಬ ಮಾತನ್ನು ಅಡಗಿಸಿಟ್ಟರೆ, ಅದನ್ನೂ ಅಪ್ಪಣೆಯೆಂದೇ ತಿಳಿದುಬಿಡಬಹುದು. ಇಂಥದೊಂದು ದೋಷ ಕೋಪೈಲಟ್ಟಿನಲ್ಲಿತ್ತೆಂದು 2025ರ ಜೂನಿನಲ್ಲಿ ಪ್ರಕಟವಾಯಿತು; ಕಂಪನಿ ಅದನ್ನು ಸರಿಪಡಿಸಿತು. ಪಾಠವಂತೂ ಉಳಿಯಿತು. ಹುಡುಗನ ಕೈಗೆ ಕಡಮೆ ಬೀಗದ ಕೈಗಳಿದ್ದಷ್ಟೂ ಅವನು ಮೋಸಹೋದಾಗ ಕಳೆದುಕೊಳ್ಳುವುದು ಕಡಮೆ.

ಇಷ್ಟೆಲ್ಲ ತೊಂದರೆ ಏಕೆ, ಎಲ್ಲರಿಗೂ ನಿಷೇಧಿಸಿದರಾಯಿತು ಎನ್ನುವವರಿದ್ದಾರೆ. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ನೌಕರರು ಕಂಪನಿಯ ಗುಟ್ಟಿನ ತಂತ್ರಾಂಶ ಬರಹವನ್ನು ಹೊರಗಿನ ಚಾಟ್‌ಜಿಪಿಟಿಗೆ ಹಾಕಿದ ಸಂಗತಿ ಬಯಲಾಗಿ, ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಅಂಥ ಸಾಧನಗಳನ್ನು ತಡೆಯಿತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ, ಕಛೇರಿಯ ಕಂಪ್ಯೂಟರುಗಳಲ್ಲಿ ಇಂಥ ಸಾಧನಗಳನ್ನು ಬಳಸಬಾರದೆಂದು ತನ್ನ ನೌಕರರಿಗೆ ಸೂಚಿಸಿತು. ಸರ್ಕಾರದ ಗುಟ್ಟುಗಳನ್ನು ಕಾಯುವವರಿಗೆ ಆ ಎಚ್ಚರ ತಕ್ಕದ್ದೇ. ಆದರೆ ಬರಿಯ ನಿಷೇಧ ಎಲ್ಲೆಡೆಯೂ ಫಲಿಸುವುದಿಲ್ಲ. ಮುಂಬಾಗಿಲು ಮುಚ್ಚಿದರೆ ಜನ ಹಿತ್ತಿಲ ಬಾಗಿಲನ್ನು ಹುಡುಕುತ್ತಾರೆ. ನೌಕರನ ಜೇಬಿನಲ್ಲಿ ಮೊಬೈಲಿದೆ, ಅದರಲ್ಲಿ ಪುಕ್ಕಟೆ ಸಹಾಯಕವಿದೆ. ಕಛೇರಿಯ ಕಾಗದದ ಚಿತ್ರ ತೆಗೆದು ಅದಕ್ಕೆ ತೋರಿಸಿ ಪತ್ರ ಬರೆಸಿಕೊಂಡರೆ ತಡೆಯುವವರು ಯಾರು? ಆ ಕಾಗದ ಎಲ್ಲಿಗೆ ಹೋಯಿತೆಂದು ಹೇಳುವವರು ಯಾರು?

ಇದು ಕಾನೂನಿನ ಮಾತೂ ಆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಜನರ ವಿವರಗಳನ್ನು ಇಟ್ಟುಕೊಂಡ ಸಂಸ್ಥೆ ಅವುಗಳಿಗೆ ತಕ್ಕ ರಕ್ಷಣೆ ಒದಗಿಸದೆ ಹೋದರೆ 250 ಕೋಟಿ ರೂಪಾಯಿಯವರೆಗೆ ದಂಡ ಬೀಳಬಹುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ. ದಂಡದ ಮೊತ್ತ ದೊಡ್ಡದು, ನಿಜ. ಆದರೆ ಆ ಹೆಣ್ಣುಮಗಳ ಸಂಕಟವನ್ನು ಯಾವ ದಂಡದಿಂದ ತುಂಬಿಕೊಡಲಾದೀತು?

ಹಾಗಾದರೆ ಯಾರಿಗೆ ಕೊಡಬೇಕು? ಸಾಮಾನ್ಯವಾಗಿ ಕುರ್ಚಿಯ ಎತ್ತರವನ್ನು ನೋಡಿ ಕೊಡುವ ರೂಢಿ. ದೊಡ್ಡವರಿಗೆ ಮೊದಲು, ಚಿಕ್ಕವರಿಗೆ ಉಳಿದರೆ. ಇದು ಲೆಕ್ಕಕ್ಕೂ ಸರಿಯಲ್ಲ, ನ್ಯಾಯಕ್ಕೂ ಸರಿಯಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಂಥ ಒಂದು ಸಣ್ಣ ಸಂಸ್ಥೆಯನ್ನು ತೆಗೆದುಕೊಳ್ಳಿ. ಮಾಲೀಕರು ದಿನಕ್ಕೆ ಎರಡು ಪತ್ರ ನೋಡುತ್ತಾರೆ. ಸರಕು ಕಳುಹಿಸುವ ಗುಮಾಸ್ತ ಹೊಸೂರಿಗೂ ಚಿತ್ತೂರಿಗೂ ದಿನಕ್ಕೆ ಇಪ್ಪತ್ತು ಪತ್ರ ಬರೆಯಬೇಕು, ಅದೂ ತಾನು ಓದದ ಭಾಷೆಗಳಲ್ಲಿ. ಸಹಾಯಕದಿಂದ ಹೆಚ್ಚು ಪ್ರಯೋಜನ ಯಾರಿಗೆ? ಆ ಗುಮಾಸ್ತನಿಗೆ ಗಿರಾಕಿಗಳ ವಿಳಾಸವೂ ಸರಕಿನ ಪಟ್ಟಿಯೂ ಕಂಡರೆ ಸಾಕು. ಸಂಬಳದ ಪುಸ್ತಕ ಕಾಣಬೇಕಾಗಿಲ್ಲ. ಅಂದರೆ ಸಹಾಯಕವನ್ನು ಧಾರಾಳವಾಗಿ ಕೊಡಬಹುದು, ಉಗ್ರಾಣವನ್ನು ಬಿಗಿಯಾಗಿ ಇಡಬಹುದು. ನನ್ನ ಶಿಷ್ಯನ ಮೇಲಿನವರು ಮಾಡಿದ್ದು ಇದರ ತಿರುಗುಮುರುಗು: ಉಗ್ರಾಣವನ್ನು ತೆರೆದೇ ಬಿಟ್ಟು ಹುಡುಗರನ್ನು ಹೊರಗೆ ಕಳುಹಿಸಿದರು.

ನಾನು ಕನ್ನಡದ ಮೇಷ್ಟ್ರು. ಈ ವಿಷಯದಲ್ಲಿ ನನಗೆ ತುಸು ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಬುದ್ಧಿಯಿದ್ದೂ ಇಂಗ್ಲಿಷಿನ ಹೊಸ್ತಿಲಲ್ಲಿ ಎಡವಿ ಹಿಂದುಳಿದ ಮಕ್ಕಳನ್ನು ಕಂಡಿದ್ದೇನೆ. ಅವರಿಗೆ ಈ ಯಂತ್ರ ಒಂದು ಏಣಿ. ಆ ಏಣಿಯನ್ನು ಆಗಲೇ ಮಾಳಿಗೆಯ ಮೇಲಿರುವವರಿಗೆ ಮಾತ್ರ ಕೊಟ್ಟರೆ ಅದರಿಂದ ಏನು ಬಂತು?

ಇನ್ನು ಶಿಷ್ಯನ ಕಥೆಯ ಉಳಿದ ಭಾಗ. ಸಂಕ್ರಾಂತಿಗೆ ಮತ್ತೆ ಬಂದಿದ್ದ. ಸರ್ಟಿಫಿಕೇಟುಗಳನ್ನು ಕೊನೆಗೂ ಬೇರೆ ಕೋಣೆಗೆ ಸೇರಿಸಿ ಬೀಗ ಹಾಕಿದ್ದಾರೆ. ಯಾವ ಕೆಲಸಕ್ಕೆ ಯಾವ ಕಾಗದ ಬೇಕೆಂದು ಪಟ್ಟಿ ಮಾಡಿ, ಎಂಟು ಗುಮಾಸ್ತರಲ್ಲಿ ಮೂವರಿಗೆ ಸಹಾಯಕವನ್ನು ಹಿಂದಿರುಗಿಸಿದ್ದಾರೆ. ಇವನೂ ಆ ಮೂವರಲ್ಲಿ ಒಬ್ಬ. “ಸಂತೋಷವಾಯಿತಲ್ಲಪ್ಪ” ಎಂದೆ. “ಸಂತೋಷವೇ ಮೇಷ್ಟ್ರೇ. ಆದರೆ ಉಳಿದ ಐವರು ದಿನಾ ನನ್ನ ಪಾಸ್‌ವರ್ಡ್ ಕೇಳುತ್ತಾರೆ. ಸ್ನೇಹಿತರು. ಇಲ್ಲವೆಂದರೆ ಮುನಿಸು” ಎಂದ.

ನಾನು ಅವನಿಗೆ ಹೇಳಿದ್ದನ್ನೇ ನಿಮ್ಮ ಮನೆಯ ಮಕ್ಕಳಿಗೂ ನೀವು ಹೇಳಬಹುದು. ಪಾಸ್‌ವರ್ಡ್ ಎಂಬುದು ಸಹಿ ಇದ್ದಂತೆ. ಅದನ್ನು ಸ್ನೇಹಿತನಿಗೆ ಕೊಟ್ಟರೆ ಅವನು ನೋಡಿದ್ದೆಲ್ಲ ನೀನು ನೋಡಿದ ಲೆಕ್ಕ, ಅವನು ಮಾಡಿದ್ದೆಲ್ಲ ನೀನು ಮಾಡಿದ ಲೆಕ್ಕ. ಸ್ನೇಹಕ್ಕೆ ಮಾಡಬೇಕಾದ ಉಪಕಾರ ಬೇರೆ ಇದೆ. ಐವರೂ ಸೇರಿ, ತಮ್ಮ ಕೆಲಸದಲ್ಲಿ ಇದು ಯಾವುದಕ್ಕೆ ಬೇಕು, ಯಾವ ಕಾಗದ ಕಾಣಬೇಕು, ಯಾವುದು ಕಾಣಬೇಕಾಗಿಲ್ಲ ಎಂದು ಒಂದು ಪುಟದಲ್ಲಿ ಬರೆದು ಮೇಲಿನವರಿಗೆ ಕೊಡಲಿ. ಬರೆಯುವುದಕ್ಕೆ ನೀನು ನೆರವಾಗು.

ಮಾಲೀಕರೋ ಅಧಿಕಾರಿಗಳೋ ಆಗಿರುವ ವಾಚಕರಿಗೂ ಒಂದು ಬಿನ್ನಹ. ವರ್ಷಕ್ಕೆ ಎರಡು ಸಲವಾದರೂ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲೆ ಸುರಿದು ಎಣಿಸಿರಿ. ಕೆಲಸ ಬಿಟ್ಟು ಹೋದವರ ಕೈ ಹಿಂದಕ್ಕೆ ಬಂದಿದೆಯೆ? ವಿಭಾಗ ಬದಲಾದವರು ಹಳೆಯ ಕೋಣೆಯ ಕೈಯನ್ನೂ ಇಟ್ಟುಕೊಂಡಿದ್ದಾರೆಯೆ? ಕೇಳಿದವರಿಗೆ ಇಲ್ಲವೆಂದಾಗ ಕಾರಣ ಹೇಳಿದ್ದೀರಾ? ಕಾರಣ ತಿಳಿಯದ ಬೀಗ ಅವಮಾನದಂತೆ ಕಾಣುತ್ತದೆ. ಕಾರಣ ತಿಳಿದ ಬೀಗವನ್ನು ನೌಕರನೇ ಕಾಯುತ್ತಾನೆ.

ನನ್ನ ಶಿಷ್ಯ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: ಆ ಅಕ್ಕನಿಗೆ ಈ ಸಂಗತಿ ಇನ್ನೂ ಗೊತ್ತಿಲ್ಲ, ತಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅವಳಿಗೆ ತಿಳಿಸಬೇಕಾದ್ದು ಸಂಸ್ಥೆಯ ಧರ್ಮವೆಂದು ನಾನು ಹೇಳಿದೆ. ಮೇಲಿನವರಿಗೆ ಮತ್ತೊಮ್ಮೆ ನೆನಪು ಮಾಡುತ್ತೇನೆಂದು ಹೇಳಿ ಬಸ್ಸಿಗೆ ಹೊರಟ.